ಬಿಸಿಯೇರದ ಟೈರು

“ಅಜ್ಜಾರ, ನನ್ನ ಮಾತು ಕೇಳಿ ಒಬ್ಬಾಕಿಗೆ ಪೆಟ್ಟಾಗೇತಿ. ಇನ್ನ ಮ್ಯಾಲೆ ಆಕಿಗೆ ನಾ ಹ್ಯಾಂಗ ಕಲಸ್ಲಿ?”

ಹೀಗೆ ಕೇಳಿದವನು ಫಕೀರೇಶ. ಮಠದ ಅಂಗಳದಲ್ಲಿ ಮಲ್ಲಕಂಬ ಕಲಿಸುವವನು. ಕೇಳಿಸಿಕೊಂಡವರು ಮಠದ ಗುರುಗಳು. ಆ ಸೀಮೆಯಲ್ಲಿ ಗುರುಗಳನ್ನು ಅಜ್ಜಾರು ಎಂದೇ ಕರೆಯುತ್ತಾರೆ.

ನಡೆದದ್ದು ಇಷ್ಟು. ಫಕೀರೇಶನ ಬಳಿ ದಾನೇಶ್ವರಿ ಎಂಬವಳು ಕಲಿಯುತ್ತಿದ್ದಳು. ಹೋದ ವರ್ಷ ಅವಳು ಕಂಬದ ತುದಿಗೆ ಕಾಲು ಸುತ್ತಿಕೊಂಡಿದ್ದಾಗ ಇವನು ಕೆಳಗಿನಿಂದ “ಕೈ ಬಿಡು” ಎಂದ. ಅವಳು ಬಿಟ್ಟಳು, ಬಿದ್ದಳು. ಭುಜದ ಎಲುಬು ಮುರಿಯಿತು. ಆ ದಿನ ಯಾರೋ ಕಂಬಕ್ಕೆ ಔಡಲೆಣ್ಣೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಸವರಿದ್ದರು. ತಪ್ಪು ಎಣ್ಣೆಯದು ಎಂದು ಎಲ್ಲರೂ ಹೇಳಿದರು. ಅವಳ ತಾಯಿಯೂ ಹೇಳಿದಳು. ಈಗ ಎಲುಬು ಕೂಡಿದೆ. ಅವಳು ಮತ್ತೆ ಬರುತ್ತಿದ್ದಾಳೆ. ಆದರೆ ಫಕೀರೇಶ ಅವಳನ್ನು ಕಂಬದ ನಡುವಿಗಿಂತ ಮೇಲೆ ಹತ್ತಗೊಡುತ್ತಿಲ್ಲ. ರಾಜ್ಯ ತಂಡದ ಆಯ್ಕೆ ಹತ್ತಿರ ಬಂದಿದೆ. ಮೇಲೆ ಹತ್ತಿಸದಿದ್ದರೆ ನಾಳೆಯಿಂದ ಬರುವುದಿಲ್ಲ ಎಂದು ಅವಳು ಹೇಳಿ ಹೋಗಿದ್ದಾಳೆ.

“ಆಕಿ ಮತ್ತ ಬೀಳಬಾರದು ಅಂತ ತಡಿಯಾಕತ್ತೀನ್ರಿ,” ಎಂದ ಫಕೀರೇಶ. “ಅದು ತಪ್ಪೇನ್ರಿ?”

ಅಜ್ಜಾರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನೇರ ಉತ್ತರ ಕೊಡುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇಲ್ಲ.

“ಟೈರಿಂದೊಂದು ಕತಿ ಐತಿ. ಕೇಳ್ತೀಯೇನು?”

“ಟೈರಿಂದೇನ್ರಿ?”

“ಹೂಂ. ಕಾರಿನ ಟೈರು. ನನಗೂ ಟೈರು ಅಂದ್ರ ಪಂಚರ್ ತಿದ್ದಸೋದಷ್ಟ ಗೊತ್ತಿತ್ತು. ಈ ಕತಿ ಹೇಳಿದಾತ ಇಲ್ಲೇ, ನೀ ಕುಂತಲ್ಲೇ ಕುಂತು ಹೇಳಿ ಹೋದ.”

ಅಜ್ಜಾರು ಹೇಳಿದ ಕತೆ ಹೀಗಿದೆ.

ಒಬ್ಬ ಟೈರು ಎಂಜಿನಿಯರ್ ಇದ್ದ. ಓಟದ ಕಾರುಗಳನ್ನು ಓಡಿಸುವ ಒಂದು ತಂಡದಲ್ಲಿ ಕೆಲಸ. ಕಾರಿನ ಎಂಜಿನ್ನಿಗೆ ಬೇರೆಯವರಿದ್ದರು, ಬ್ರೇಕಿಗೆ ಬೇರೆಯವರಿದ್ದರು. ಇವನದು ನಾಲ್ಕು ಟೈರು ಮಾತ್ರ. ಕಾರು ಹೇಗೆ ಕಂಡರೂ ಅದು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಷ್ಟು ರಬ್ಬರಿನಲ್ಲಿ, ಉಳಿದದ್ದೆಲ್ಲ ಅದರ ಮೇಲಿನ ಹೊರೆ ಎಂದು ಅವನು ಹೇಳುತ್ತಿದ್ದ. ಎಂಜಿನ್ನಿನವರು ಇದಕ್ಕೆ ಸಿಟ್ಟಾಗುತ್ತಿದ್ದರು. ಅವನಿಗೆ ಅದು ಖುಷಿಯ ವಿಷಯವೇ ಆಗಿತ್ತು.

ಓಟದ ದಿನ ಎಲ್ಲರಿಗಿಂತ ಮೊದಲು ಬರುತ್ತಿದ್ದ. ಟ್ರ್ಯಾಕಿನ ಮೇಲೆ ಮಂಡಿಯೂರಿ ಡಾಂಬರಿಗೆ ಅಂಗೈ ಹಚ್ಚುತ್ತಿದ್ದ. ಬಿಸಿ ಅಳೆಯುವ ಯಂತ್ರ ಜೇಬಿನಲ್ಲಿಯೇ ಇರುತ್ತಿತ್ತು. ಅದನ್ನು ಆಮೇಲೆ ತೆಗೆಯುತ್ತಿದ್ದ. ಆಕಾಶ ನೋಡುತ್ತಿದ್ದ, ಗಾಳಿ ನೋಡುತ್ತಿದ್ದ. ಟೈರಿನೊಳಗಿನ ಗಾಳಿ ಓಡಿದಂತೆ ಬಿಸಿಯಾಗಿ ಹಿಗ್ಗುತ್ತದೆ. ಆದ್ದರಿಂದ ಬೇಕಾದ್ದಕ್ಕಿಂತ ಕಡಿಮೆ ತುಂಬಬೇಕು. ಎಷ್ಟು ಕಡಿಮೆ ಎಂಬುದರಲ್ಲಿ ಅವನ ಅನ್ನ ಇತ್ತು.

ಓಟ ಮುಗಿದ ಮೇಲೆ ಉಳಿದವರು ಗೆದ್ದವರ ಹಿಂದೆಯೋ ಸೋತವರ ಹಿಂದೆಯೋ ಹೋಗುತ್ತಿದ್ದರು. ಇವನು ಬಿಚ್ಚಿದ ಟೈರುಗಳ ಮುಂದೆ ಕೂರುತ್ತಿದ್ದ. ಅವಕ್ಕೆ ಅಂಟಿದ ಹೊರಗಿನ ಕಸವನ್ನು ಕೆರೆದು ತೆಗೆದು, ಒಳಗಿನ ನಿಜವಾದ ಮುಖವನ್ನು ಬೆರಳಿನಿಂದ ಓದುತ್ತಿದ್ದ. ಯಾರು ತಡವಾಗಿ ಬ್ರೇಕ್ ಹಾಕುತ್ತಾರೆ, ಯಾರು ಸ್ಟೀರಿಂಗನ್ನು ಜಗ್ಗಾಡುತ್ತಾರೆ, ಯಾರಿಗೆ ಯಾವ ತಿರುವಿನ ಭಯ ಎಲ್ಲ ಅಲ್ಲಿ ಸಿಗುತ್ತಿತ್ತು. ಓಡಿಸುವವರ ಮುಖ ಮರೆತರೂ ಅವರ ಟೈರು ಅವನಿಗೆ ಮರೆಯುತ್ತಿರಲಿಲ್ಲ.

ಈಗ ಒಂದು ವಿಷಯ ಹೇಳಬೇಕು. ಅದಿಲ್ಲದೆ ಕತೆ ಮುಂದೆ ಹೋಗುವುದಿಲ್ಲ.

ರಬ್ಬರು ನೆಲವನ್ನು ಹಿಡಿಯುವುದು ಗಟ್ಟಿಯಾಗಿ ಇರುವುದರಿಂದ ಅಲ್ಲ. ಬಿಸಿಯಾಗಿ, ಮೆತ್ತಗಾಗಿ, ಡಾಂಬರಿನ ಸಣ್ಣ ಸಣ್ಣ ತಗ್ಗುಗಳಿಗೆ ಇಳಿದು ಹಿಡಿಯುತ್ತದೆ. ಬಿಸಿ ಹೆಚ್ಚಾದರೆ ಬೊಬ್ಬೆ ಎದ್ದು ಬಟ್ಟೆಯಂತೆ ಹರಿಯುತ್ತದೆ. ಇದು ಎಲ್ಲರಿಗೂ ತಿಳಿಯುವ ಮಾತು. ಎಲ್ಲರಿಗೂ ತಿಳಿಯದ ಮಾತು ಇನ್ನೊಂದಿದೆ. ಬಿಸಿ ಸಾಲದಿದ್ದರೂ ಟೈರು ಹರಿಯುತ್ತದೆ. ತಣ್ಣಗಿನ ರಬ್ಬರು ಗಡುಸಾಗಿರುತ್ತದೆ, ತಗ್ಗಿಗೆ ಇಳಿಯುವುದಿಲ್ಲ, ಮೇಲೆಯೇ ಜಾರುತ್ತದೆ. ಜಾರಿದಂತೆ ಅದರ ಚರ್ಮ ಸಣ್ಣ ಸಣ್ಣ ಮಡಿಕೆಯಾಗಿ ಕಿತ್ತು ಬರುತ್ತದೆ.

ಇಲ್ಲಿ ಅಜ್ಜಾರು ಕತೆ ನಿಲ್ಲಿಸಿದರು.

“ನಿಮ್ಮವ್ವ ಜ್ವಾಳದ ಹಿಟ್ಟಿಗೆ ತಣ್ಣೀರು ಹಾಕಿ ನಾದಿದ್ರ ಏನಾಗ್ತೈತಿ?”

“ರೊಟ್ಟಿ ಬಡಿಯೂ ಮುಂದ ಅಂಚು ಬಿರಿತೈತ್ರಿ. ಕುದಿಯೂ ನೀರ ಹಾಕಬೇಕು.”

“ಮತ್ತ! ಎಂಜಿನಿಯರು ಇದನ್ನ ಹೇಳಾಕ ಒಂದು ತಾಸು ತಗೊಂಡ,” ಎಂದು ಅಜ್ಜಾರು ನಕ್ಕರು. ನಕ್ಕು ಮುಂದುವರಿಸಿದರು.

ಕಾರಿನೊಳಗೆ ಕೂತವರಿಗೆ ಈ ಎರಡೂ ಒಂದೇ ಥರ ಅನ್ನಿಸುತ್ತವೆ. ಬಿಸಿಗೆ ಹರಿದರೂ ಜಾರುತ್ತದೆ, ತಣ್ಣಗೆ ಹರಿದರೂ ಜಾರುತ್ತದೆ. ಆದರೆ ಮದ್ದು ಬೇರೆ ಬೇರೆ. ಬಿಸಿಗೆ ಹರಿದರೆ ವೇಗ ತಗ್ಗಿಸಬೇಕು. ತಣ್ಣಗೆ ಹರಿದರೆ ವೇಗ ಹೆಚ್ಚಿಸಬೇಕು. ಜಾರುವಾಗಲೇ ಇನ್ನೂ ಜೋರಾಗಿ ಓಡಿಸಿದರೆ ಟೈರು ಬಿಸಿಯೇರುತ್ತದೆ, ಕಿತ್ತ ಮಡಿಕೆ ಸವೆದು ಹೋಗುತ್ತದೆ, ಒಳಗಿನ ಹೊಸ ರಬ್ಬರು ನೆಲ ಹಿಡಿಯುತ್ತದೆ. ಹಾಗೆ ಓಡಿಸುವುದಕ್ಕೆ ಓಟದವರು ‘ಒತ್ತು’ ಎನ್ನುತ್ತಾರೆ. ಭಯಪಟ್ಟು ತಗ್ಗಿಸಿದರೆ ಟೈರು ಇನ್ನೂ ತಣ್ಣಗಾಗುತ್ತದೆ, ಇನ್ನೂ ಜಾರುತ್ತದೆ, ಇನ್ನೂ ಹರಿಯುತ್ತದೆ. ಒಳಗಿನವರಿಗೆ ಟೈರು ಕಾಣುವುದಿಲ್ಲ. ಒತ್ತಬೇಕೋ ತಗ್ಗಿಸಬೇಕೋ ಎಂದು ಹೊರಗಿನಿಂದ ರೇಡಿಯೋದಲ್ಲಿ ಹೇಳುವುದು ಎಂಜಿನಿಯರನ ಕೆಲಸ.

ಆ ತಂಡದ ಕಾರನ್ನು ಓಡಿಸುತ್ತಿದ್ದವಳು ಒಬ್ಬ ಓಟಗಾರ್ತಿ. ಒಳ್ಳೆಯ ಕೈ. ಅವಳಿಗೂ ಎಂಜಿನಿಯರನಿಗೂ ಮಾತು ಕಡಿಮೆ, ನಂಬಿಕೆ ಹೆಚ್ಚು. ಅವನು ಒತ್ತು ಎಂದರೆ ಒತ್ತುತ್ತಿದ್ದಳು, ತಗ್ಗಿಸು ಎಂದರೆ ತಗ್ಗಿಸುತ್ತಿದ್ದಳು. ಯಾಕೆ ಎಂದು ಕೇಳಿದವಳಲ್ಲ.

ಒಂದು ಓಟದಲ್ಲಿ ಅವನು ಒತ್ತು ಎಂದ. ಅವಳು ಒತ್ತಿದಳು. ಮುಂದಿನ ತಿರುವಿನಲ್ಲಿ ಟೈರು ಸಿಡಿಯಿತು. ಕಾರು ಮಗುಚಿತು. ಕಾಲು ಎರಡು ಕಡೆ ಮುರಿದು, ಅವಳು ಆ ವರ್ಷವೆಲ್ಲ ಹಾಸಿಗೆಯಲ್ಲಿ ಕಳೆದಳು. ಸಿಡಿದ ಟೈರನ್ನು ಕೊಯ್ದು ನೋಡಿದಾಗ ಒಳಗೆ ಒಂದು ಲೋಹದ ಚೂರು ಸಿಕ್ಕಿತು. ಮುಂದೆ ಹೋದ ಯಾವುದೋ ಕಾರಿನಿಂದ ಬಿದ್ದದ್ದು. ಒತ್ತಿದರೂ ಸಿಡಿಯುತ್ತಿತ್ತು, ತಗ್ಗಿಸಿದರೂ ಸಿಡಿಯುತ್ತಿತ್ತು. ತಪ್ಪು ಚೂರಿನದು ಎಂದು ಎಲ್ಲರೂ ಹೇಳಿದರು. ಅವಳೂ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಹೇಳಿದಳು. ಎಂಜಿನಿಯರ್ ತಲೆಯಾಡಿಸಿದ. ಆ ಚೂರನ್ನು ಅವನು ಕೈಯಲ್ಲಿ ಹಿಡಿದು ನೋಡಿದವನೇ. ಆದರೂ ಅವನ ಕಿವಿಯಲ್ಲಿ ಉಳಿದದ್ದು ತನ್ನ ಮಾತು.

ಇಷ್ಟು ಕೇಳಿ ಫಕೀರೇಶ ತಲೆ ತಗ್ಗಿಸಿದ. ಅಜ್ಜಾರು ಅದನ್ನು ಕಂಡೂ ಕಾಣದವರಂತೆ ಹೇಳುತ್ತ ಹೋದರು.

ಕಾಲು ಕೂಡಿದ ಮೇಲೆ ಅವಳು ಮರಳಿ ಬಂದಳು. ಆದರೆ ತಂಡದ ಯಜಮಾನನಿಗೆ ಅನುಮಾನ ಇತ್ತು. ಮುರಿದು ಬಂದವರು ಮೊದಲಿನಂತೆ ಓಡಿಸಲಾರರು ಎಂಬುದು ಅವನ ಲೆಕ್ಕ. ಒಂದು ಓಟ ನೋಡುತ್ತೇನೆ, ಮೊದಲ ಮೂವರಲ್ಲಿ ಬಂದರೆ ಕಾರು ಅವಳದು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದ. ಅವಳು ಒಪ್ಪಿದಳು. ಒಪ್ಪದೆ ಬೇರೆ ದಾರಿ ಇರಲಿಲ್ಲ. ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಓಟಕ್ಕೆ ಎರಡು ಬಗೆಯ ಟೈರು ಇದ್ದವು. ಮೆದುವಾದದ್ದು, ಗಟ್ಟಿಯಾದದ್ದು. ಮೆದು ಬೇಗ ಬಿಸಿಯೇರಿ ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ಬಹಳ ಬಾಳುತ್ತದೆ, ಬಿಸಿಯೇರಲು ತಡ. ಆ ದಿನ ಬೆಳಿಗ್ಗೆಯೇ ಮೋಡ ಕವಿದಿತ್ತು. ಡಾಂಬರು ತಣ್ಣಗಿತ್ತು. ಪಕ್ಕದ ತಂಡಗಳವರೆಲ್ಲ ಮೆದುವನ್ನು ಹಾಕಿದರು. ಎಂಜಿನಿಯರ್ ಗಟ್ಟಿಯನ್ನು ಹಾಕಿಸಿದ. ಯಜಮಾನ ಯಾಕೆ ಎಂದು ಕೇಳಿದ. ಇದು ಸಿಡಿಯುವುದಿಲ್ಲ ಎಂದ ಎಂಜಿನಿಯರ್. ಸಿಡಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಓಟ ಶುರುವಾಯಿತು. ಅವಳು ಮುಂದಿನವರ ಬೆನ್ನಿಗೇ ಇದ್ದಳು. ಸ್ವಲ್ಪ ಹೊತ್ತಿಗೆ ಕಾರು ತಿರುವುಗಳಲ್ಲಿ ಜಾರತೊಡಗಿತು. ನಡುವೆ ಟೈರು ಬದಲಿಸಲು ಒಳಗೆ ಬಂದಳು. ಬಿಚ್ಚಿದ ಟೈರನ್ನು ಎಂಜಿನಿಯರ್ ಮುಟ್ಟಿದ. ಓಡಿ ಬಂದ ಟೈರಿನ ಮೇಲೆ ಯಾರೂ ಅಂಗೈ ಊರಲಾರರು, ಅಷ್ಟು ಕಾದಿರುತ್ತದೆ. ಇದರ ಮೇಲೆ ಅವನ ಅಂಗೈ ಆರಾಮವಾಗಿ ನಿಂತಿತು. ಬೆರಳ ಕೆಳಗೆ ಸಣ್ಣ ಸಣ್ಣ ಮಡಿಕೆಗಳಿದ್ದವು. ಬೊಬ್ಬೆ ಇರಲಿಲ್ಲ, ಸುಟ್ಟ ವಾಸನೆ ಇರಲಿಲ್ಲ. ಟೈರು ತಣ್ಣಗೆ ಹರಿದಿತ್ತು. ಇದರಲ್ಲಿ ಅವನಿಗೆ ಒಂದಿಷ್ಟೂ ಸಂಶಯ ಇರಲಿಲ್ಲ.

ಅಷ್ಟರಲ್ಲಿ ಅವಳು ಇನ್ನೊಂದು ಜೊತೆ ಗಟ್ಟಿ ಟೈರಿನ ಮೇಲೆ ಹೊರಗೆ ಹೋಗಿಯಾಗಿತ್ತು. ಮತ್ತೆ ರೇಡಿಯೋ ಮಾತಾಡಿತು.

“ಜಾರ್ತಾ ಇದೆ ಸರ್. ಒತ್ತಲಾ, ತಗ್ಗಿಸಲಾ?”

ಅವನು ರೇಡಿಯೋದ ಗುಂಡಿಯ ಮೇಲೆ ಬೆರಳಿಟ್ಟ. ಹೇಳಬೇಕಾದ ಮಾತು ಅವನಿಗೆ ಗೊತ್ತಿತ್ತು. ಒಂದೇ ಮಾತು. ಅದು ಬಾಯಿಗೆ ಬರಲಿಲ್ಲ.

“ಸರ್?”

“ಹುಷಾರಮ್ಮ. ಸ್ವಲ್ಪ ತಗ್ಗಿಸು,” ಎಂದ.

ಅವಳು ತಗ್ಗಿಸಿದಳು. ಯಾಕೆ ಎಂದು ಆಗಲೂ ಕೇಳಲಿಲ್ಲ. ಟೈರು ಇನ್ನೂ ತಣ್ಣಗಾಯಿತು. ಹಿಂದಿದ್ದವರು ಒಬ್ಬೊಬ್ಬರಾಗಿ ಮುಂದೆ ಹೋದರು. ಕೊನೆಗೆ ಎಲ್ಲಕ್ಕಿಂತ ನಿಧಾನದ ತಿರುವಿನಲ್ಲಿ, ಯಾರೂ ಎಂದೂ ತಪ್ಪದ ಜಾಗದಲ್ಲಿ, ಮುಂದಿನ ಚಕ್ರಗಳು ನೆಲದ ಹಿಡಿತ ಕಳೆದುಕೊಂಡವು. ಸ್ಟೀರಿಂಗ್ ಒಂದು ಕಡೆ ತಿರುಗಿತು, ಕಾರು ನೆಟ್ಟಗೆ ಹೋಯಿತು. ಟ್ರ್ಯಾಕಿನ ಅಂಚಿಗೆ ಹಳೆಯ ಟೈರುಗಳನ್ನೇ ಪೇರಿಸಿ ಕಟ್ಟಿದ ಗೋಡೆ ಇತ್ತು. ಕಾರು ಅದರೊಳಗೆ ಮೂಗು ತೂರಿಸಿ ನಿಂತಿತು. ಓಟ ಅಲ್ಲಿಗೆ ಮುಗಿಯಿತು.

ಅವಳಿಗೆ ಒಂದು ಗೀರೂ ಆಗಿರಲಿಲ್ಲ. ತಾನೇ ಇಳಿದು ಹೆಲ್ಮೆಟ್ ಕೈಯಲ್ಲಿ ಹಿಡಿದು ನಡೆದು ಬಂದಳು. ಅವಳು ನಡೆದು ಬರುವುದನ್ನು ಕಂಡು ಎಂಜಿನಿಯರನಿಗೆ ಮೊದಲು ಆದದ್ದು ನೆಮ್ಮದಿ. ಸೋತದ್ದು, ಕಾರು ಕೈತಪ್ಪಿದ್ದು ಎಲ್ಲ ಆಮೇಲೆ ನೆನಪಾಯಿತು.

ಅವಳು ನೇರವಾಗಿ ಬಂದು ಬಿಚ್ಚಿಟ್ಟ ಟೈರಿನ ಮುಂದೆ ನಿಂತಳು.

“ಇದನ್ನ ಮುಟ್ಟಿ ನೋಡಿದ್ರಲ್ಲ ಸರ್. ತಣ್ಣಗಿತ್ತಾ?”

“ತಣ್ಣಗಿತ್ತು.”

“ಮತ್ತೆ ತಗ್ಗಿಸು ಅಂತ ಯಾಕಂದ್ರಿ?”

“ನಿಂಗೆ ಏನೂ ಆಗಬಾರದು ಅಂತ.”

ಅವಳು ಜಗಳ ಮಾಡಲಿಲ್ಲ. “ಒಳಗೆ ಕೂತ್ರೆ ನಂಗೆ ಟೈರು ಕಾಣಲ್ಲ ಸರ್. ನಿಮ್ಮ ಮಾತೊಂದೇ ಕಾಣೋದು,” ಎಂದಳು. ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ಹೊರಟು ಹೋದಳು. ಯಜಮಾನ ತಾನು ಹೇಳಿದಂತೆ ಕಾರನ್ನು ಬೇರೊಬ್ಬನಿಗೆ ಕೊಟ್ಟ.

ಇಲ್ಲಿ ಫಕೀರೇಶನಿಗೆ ತಡೆಯಲಾಗಲಿಲ್ಲ.

“ಆತನ ತಪ್ಪೇನೈತ್ರಿ ಅಜ್ಜಾರ? ಆಕಿ ಜೀವಂತ ಉಳಿದ್ಲಲ್ಲ. ಕಾರು ಹೋದ್ರ ಹೋತು.”

“ತಪ್ಪೈತಿ ಅಂತ ನಾ ಅಂದ್ನೇನು?”

“ಇಲ್ರಿ.”

“ಮತ್ತ ಆತನ ವಕೀಲಕಿ ನಿನಗ್ಯಾರು ಕೊಟ್ರು? ತಾಳು, ಕತಿ ಇನ್ನೂ ಐತಿ.”

ಮುಂದಿನ ವರ್ಷ ಅದೇ ಟ್ರ್ಯಾಕಿನಲ್ಲಿ ಓಟ. ಅವತ್ತೂ ಮೋಡ. ಅವಳು ಬೇರೆ ಒಂದು ಸಣ್ಣ ತಂಡ ಸೇರಿದ್ದಳು. ಕಾರು ಹಳೆಯದು, ಟೈರೂ ಉಳಿದವರು ಬೇಡವೆಂದು ಬಿಟ್ಟ ಗಟ್ಟಿಯದು. ಅಲ್ಲಿಯೂ ಗೆಲ್ಲದಿದ್ದರೆ ಅವಳನ್ನು ಕರೆಯುವವರು ಇನ್ನಾರೂ ಇರಲಿಲ್ಲ. ಎಂಜಿನಿಯರ್ ತನ್ನ ತಂಡದೊಂದಿಗೆ ಬಂದಿದ್ದ. ಅವನ ಕಾರು ಎಂಜಿನ್ ಕೆಟ್ಟು ಬೇಗ ನಿಂತುಹೋಯಿತು. ಮಾಡಲು ಕೆಲಸ ಇಲ್ಲದೆ ಅವನು ಟ್ರ್ಯಾಕಿನ ಪಕ್ಕದ ಗೋಡೆಗೆ ಒರಗಿ ಓಟ ನೋಡುತ್ತ ನಿಂತ.

ಅವಳ ಕಾರು ತಿರುವಿನಲ್ಲಿ ಜಾರಿತು. ಮುಂದಿನ ಸುತ್ತಿನಲ್ಲಿ ಮತ್ತೆ ಜಾರಿತು. ದೂರದಿಂದಲೇ ಅವನಿಗೆ ಅರ್ಥವಾಯಿತು. ಅದೇ ಮಡಿಕೆ, ಅದೇ ತಣ್ಣಗೆ ಹರಿಯುವುದು. ಅವಳು ಅನುಮಾನಿಸುತ್ತಿದ್ದಳು. ನೇರ ದಾರಿಯಲ್ಲಿ ಸಹ ವೇಗ ಕಡಿಮೆಯಾಗಿತ್ತು. ಅವನ ಎದೆ ಹೊಡೆದುಕೊಳ್ಳತೊಡಗಿತು. ಅವಳು ಮಗುಚಿದ ಓಟ, ಆ ಕಾರು, ಆ ಕಾಲು ಎಲ್ಲ ಕಣ್ಣ ಮುಂದೆ ಬಂತು. ಗೋಡೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಒತ್ತು,” ಎಂದ. “ಒತ್ತಮ್ಮ, ಒತ್ತು!”

ಜೋರಾಗಿಯೇ ಹೇಳಿದ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಕಾರುಗಳ ಸದ್ದಿನಲ್ಲಿ ಅದು ಗೋಡೆಯಾಚೆಗೂ ಹೋಗಲಿಲ್ಲ. ಅವಳ ಕಿವಿಯಲ್ಲಿದ್ದ ರೇಡಿಯೋ ಬೇರೆ ತಂಡದ್ದು, ಅದರಲ್ಲಿ ಮಾತಾಡುತ್ತಿದ್ದವನು ಬೇರೆ ಎಂಜಿನಿಯರ್.

ಆ ಎಂಜಿನಿಯರ್ ಏನು ಹೇಳಿದನೋ, ಅಥವಾ ಅವಳೇ ನಿರ್ಧರಿಸಿದಳೋ, ಅವಳು ಒತ್ತಿದಳು. ಜಾರುತ್ತಿದ್ದ ತಿರುವಿಗೆ ಇನ್ನೂ ಜೋರಾಗಿ ಹೋದಳು. ಕಾರಿನ ಹಿಂಭಾಗ ಒಮ್ಮೆ ಓಲಾಡಿತು. ಇನ್ನೊಂದು ಸುತ್ತು ಅದೇ ರೀತಿ ಆಯಿತು. ಆಮೇಲೆ ಟೈರು ಬಿಸಿಯೇರಿತು. ಮಡಿಕೆ ಸವೆದು ಹೋಯಿತು. ಕಾರು ತಿರುವಿನಲ್ಲಿ ಹಳಿಯ ಮೇಲೆ ಹೋದಂತೆ ಹೋಯಿತು. ಅವಳು ಒಬ್ಬೊಬ್ಬರನ್ನೇ ದಾಟಿದಳು, ಮೊದಲಿಗಳಾಗಿ ಗೆರೆ ಮುಟ್ಟಿದಳು.

ಎಂಜಿನಿಯರ್ ಚಪ್ಪಾಳೆ ತಟ್ಟಿದ. ಬೇರೆ ತಂಡದವಳಿಗೆ ತಟ್ಟುತ್ತಿದ್ದಾನೆಂದು ಯಜಮಾನ ಮುಖ ಗಂಟಿಕ್ಕಿದ. ಅದರ ಪರಿವೆ ಇವನಿಗಿರಲಿಲ್ಲ. ತಟ್ಟುತ್ತ ತಟ್ಟುತ್ತ ಅವನ ಕೈ ತಾನಾಗಿ ನಿಂತಿತು. ಹೋದ ವರ್ಷ ಗುಂಡಿಯ ಮೇಲಿದ್ದ ಬೆರಳು ನೆನಪಾಯಿತು.

ಅಲ್ಲಿಂದ ಊರಿಗೆ ಹೋಗುವ ದಾರಿಯಲ್ಲಿ ಅವನು ಈ ಮಠದ ಮುಂದೆ ಗಾಡಿ ನಿಲ್ಲಿಸಿದ. ಕೈಕಾಲು ತೊಳೆದು ಬಂದು ಕೂತ. ಇಷ್ಟನ್ನೂ ಹೇಳಿ ಒಂದು ಪ್ರಶ್ನೆ ಕೇಳಿದ. ಎರಡು ಸಲವೂ ಅದೇ ಟ್ರ್ಯಾಕು, ಅದೇ ಮೋಡ, ಅದೇ ಟೈರು, ಅವಳೇ ಓಡಿಸುವವಳು. ನನಗೆ ತಿಳಿದದ್ದೂ ಅದೇ. ಹೋದ ವರ್ಷ ಬಾಯಿಗೆ ಬಾರದ ಮಾತು ಈ ವರ್ಷ ಅಷ್ಟು ಸಲೀಸಾಗಿ ಹೇಗೆ ಬಂತು?

ಕತೆ ಅಲ್ಲಿಗೆ ನಿಂತಿತು. ಅಂಗಳದ ಮಲ್ಲಕಂಬದ ನೆರಳು ಅವರು ಕೂತ ಕಟ್ಟೆಯವರೆಗೆ ಬಂದಿತ್ತು. ಫಕೀರೇಶ ಯೋಚಿಸಿದ.

“ಬ್ಯಾರೆ ತಂಡಕ್ಕ ಹೋದ್ಲಲ್ರಿ. ಆಕಿ ಮ್ಯಾಲಿನ ಕಾಳಜಿ ಕಡಿಮಿ ಆಗಿತ್ತೇನೋ.”

“ಗ್ವಾಡಿ ಹಿಡಕೊಂಡು ನಿಂತಿದ್ನಲ್ಲೋ. ಎದಿ ಹೊಡಕೊಳ್ಳಾಕತ್ತಿತ್ತು. ಕಾಳಜಿ ಕಡಿಮಿ ಆದಾವ್ರು ಹಂಗ ನಿಲ್ತಾರೇನು?”

“ಹಂಗಾರ ಧೈರ್ಯ ಬಂದಿತ್ತೇನ್ರಿ?”

“ಎಲ್ಲಿಂದ ಬರ್ತೈತಿ?”

“ನೀವ ಹೇಳ್ರಿ. ಆತಗ ಏನ್ ಹೇಳಿದ್ರಿ?” ಎಂದ ಫಕೀರೇಶ.

ಅಜ್ಜಾರು ಎದ್ದು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು.

“ಈ ವರ್ಷ ಆಕಿಗೆ ಏನರ ಆಗಿದ್ರ, ಅದು ನಿನ್ನ ಮಾತಿನಿಂದ ಆತು ಅನ್ನೋ ಹಂಗಿರಲಿಲ್ಲಲ್ಲೋ, ಅಂದೆ.”

ಫಕೀರೇಶ ತಲೆಯೆತ್ತಿ ಕಂಬದ ತುದಿಯನ್ನು ನೋಡಿದ.